ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲವೇ? ಬಸ್ಸಿನಲ್ಲಿ ಓಡಾಡುವ ಕಾಲೇಜು ಮಕ್ಕಳಿಗೆ ಓದಿನ ಕ್ರಮ

ಕಿರಿಮಂಜೇಶ್ವರ: ಬೆಳಿಗ್ಗೆ ಏಳೂವರೆ ಹೊತ್ತಿಗೆ ಇಲ್ಲಿ ಹೆದ್ದಾರಿಯ ಎರಡೂ ಬದಿ ಬ್ಯಾಗು ಹೆಗಲಿಗೇರಿಸಿದ ಮಕ್ಕಳು ಬಸ್ಸಿಗೆ ಕಾಯುತ್ತಿರುತ್ತಾರೆ. ಒಂದು ಬದಿಯವರು ಬೈಂದೂರಿಗೆ. ಇನ್ನೊಂದು ಬದಿಯವರು ನಾವುಂದ, ಮರವಂತೆ, ತ್ರಾಸಿ, ಹೆಮ್ಮಾಡಿ ದಾಟಿ ಕುಂದಾಪುರಕ್ಕೆ, ಕೆಲವರು ಇನ್ನೂ ಮುಂದೆ ಕೋಟೇಶ್ವರ, ಬಸ್ರೂರಿಗೆ. ಸಂಜೆ ಮನೆ ಮುಟ್ಟುವಾಗ ಐದೂವರೆ, ಬಸ್ಸು ತಪ್ಪಿದರೆ ಆರೂವರೆ. ಆಮೇಲೆ ಮನೆಯಲ್ಲಿ ದನ ಇದ್ದರೆ ಅದರ ಕೆಲಸ, ಅಂಗಡಿ ಇದ್ದರೆ ಅಂಗಡಿ, ಹೆಣ್ಮಕ್ಕಳಾದರೆ ಅಡುಗೆ ಮನೆಯ ಪಾಲು ಬೇರೆ. ಕೂಡಿಸಿ ಕಳೆದು ನೋಡಿದರೆ ಓದಲಿಕ್ಕೆ ಸಿಗುವುದು ದಿನಕ್ಕೆ ಒಂದೂವರೆ ಗಂಟೆ. ಹೆಚ್ಚೆಂದರೆ ಎರಡು.

ಪೇಟೆಯ ಹಾಸ್ಟೆಲಿನಲ್ಲಿ ಕೂತು ಓದುವವರಿಗೆ ಬರೆದ ಟೈಮ್‌ಟೇಬಲ್ ನಮ್ಮ ಮಕ್ಕಳಿಗೆ ಹೊಂದುವುದಿಲ್ಲ. "ದಿನಕ್ಕೆ ಐದು ಗಂಟೆ ಓದಿ" ಅಂದರೆ ನಾಲ್ಕನೇ ದಿನ ಅದು ಗೋಡೆಗೆ ಅಂಟಿಸಿದ ಕಾಗದವಾಗಿ ಉಳಿಯುತ್ತದೆ ಅಷ್ಟೆ. ಹಾಗಾಗಿ ಈ ಬರಹದಲ್ಲಿ ಕೇಳುವ ಪ್ರಶ್ನೆ ಬೇರೆ: ಇರುವ ಒಂದೂವರೆ ಗಂಟೆಯಲ್ಲಿ ಎಂತ ಮಾಡಿದರೆ ಓದಿದ್ದು ಪರೀಕ್ಷೆಯ ದಿನದ ತನಕ ಉಳಿಯುತ್ತದೆ?

ಪಿಯುಸಿಯಲ್ಲಿ ಬಂದದ್ದು ಡಿಗ್ರಿಯಲ್ಲಿ ಯಾಕೆ ಬರುವುದಿಲ್ಲ?

ಪಿಯುಸಿಯಲ್ಲಿ ಎಂಬತ್ತೈದು ಪರ್ಸೆಂಟ್ ತೆಗೆದವರು ಪದವಿಯ ಮೊದಲ ಸೆಮಿಸ್ಟರಿನಲ್ಲೇ ಒಂದೆರಡು ವಿಷಯ ಉಳಿಸಿಕೊಳ್ಳುವುದು ಹೊಸತಲ್ಲ. ಬುದ್ಧಿ ರಜೆಯಲ್ಲಿ ಕಡಿಮೆಯಾಗಿರುವುದಿಲ್ಲ. ಶಾಲೆಯಲ್ಲಿ, ಪಿಯುಸಿಯಲ್ಲಿ ದಿನಾ ಕೇಳುವವರು ಇದ್ದರು. ಟೆಸ್ಟು, ಕಾಪಿ ಬರೆಸುವುದು, ಮನೆಗೆ ಫೋನು, ಟ್ಯೂಷನ್ನು. ಪದವಿಗೆ ಬಂದ ಕೂಡಲೇ ಆ ಕೇಳುವ ಬಾಯಿ ನಿಂತುಹೋಗುತ್ತದೆ. ಸೆಮಿಸ್ಟರ್ ಅಂದರೆ ಸುಮಾರು ನಾಲ್ಕು ತಿಂಗಳು. ಅದರಲ್ಲಿ ಪ್ರವೇಶದ ಗಡಿಬಿಡಿ, ಮಳೆ ರಜೆ, ಹಬ್ಬ, ಕಾಲೇಜಿನ ಕಾರ್ಯಕ್ರಮ ಎಲ್ಲಾ ಕಳೆದು ಆಂತರಿಕ ಪರೀಕ್ಷೆ ಬಂದಾಗಲೇ ಪುಸ್ತಕ ತೆರೆಯುವವರು ಜಾಸ್ತಿ. ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂದಿದೆ. ಆರು ಸೆಮಿಸ್ಟರಿನಲ್ಲಿ ಒಂದು ಹೀಗೆ ಹೋದರೆ ಅದರ ಭಾರ ಮುಂದಿನ ಐದರ ಮೇಲೆ ಬೀಳುತ್ತದೆ.

ನಮ್ಮ ಕಡೆ ಇದಕ್ಕೆ ತೆರುವ ಬೆಲೆಯೂ ದೊಡ್ಡದು. ಎರಡು ಪೇಪರ್ ಉಳಿದ ಹುಡುಗ ಮನೆಯಲ್ಲಿ ಹೇಳುವುದಿಲ್ಲ, ಕಾಲೇಜಿಗೂ ಸರಿಯಾಗಿ ಹೋಗುವುದಿಲ್ಲ. ಹಾಜರಿ ಶೇ. 75ಕ್ಕಿಂತ ಕೆಳಗೆ ಇಳಿಯುತ್ತದೆ. ಮತ್ತೊಂದು ದಿನ ಪರಿಚಯದವರ ಬೇಕರಿಯಲ್ಲೋ ಹೋಟೆಲಿನಲ್ಲೋ ಜನ ಬೇಕಂತೆ ಎಂದು ಬೆಂಗಳೂರಿನ ಬಸ್ಸು ಹತ್ತಿದ ಸುದ್ದಿ ಬರುತ್ತದೆ. ಆ ಕೆಲಸ ಸಣ್ಣದಲ್ಲ, ಕುಂದಾಪುರದವರು ಊರೂರಲ್ಲಿ ಹೋಟೆಲು ಕಟ್ಟಿ ನಿಲ್ಲಿಸಿದ್ದು ಅದೇ ಕೆಲಸದಿಂದ. ಆದರೆ ಬೇಕೆಂದು ಹೋಗುವುದು ಒಂದು, ಎರಡು ಪೇಪರಿಗೆ ಹೆದರಿ ಹೋಗುವುದು ಇನ್ನೊಂದು.

ಮತ್ತೆ ಮತ್ತೆ ಓದಿದರೆ ಸಾಕಾಗದಾ?

ಹೆಚ್ಚಿನವರ ಓದಿನ ಕ್ರಮ ಒಂದೇ. ನೋಟ್ಸ್ ತೆಗೆಯುವುದು, ಹಳದಿ ಹೈಲೈಟರಿನಲ್ಲಿ ಗೀಚುವುದು, ಮತ್ತೆ ಓದುವುದು, ಪರೀಕ್ಷೆಯ ಹಿಂದಿನ ರಾತ್ರಿ ಇನ್ನೊಮ್ಮೆ ಓದುವುದು. ಮೂರನೇ ಸಲ ಓದುವಾಗ ಎಲ್ಲಾ ಪರಿಚಿತ ಅನ್ನಿಸುತ್ತದೆ, "ಇದು ನಂಗೆ ಬತ್ತ್" ಅಂತ ಧೈರ್ಯವೂ ಬರುತ್ತದೆ. ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಗೊತ್ತಾಗುತ್ತದೆ, ಮುಖ ಪರಿಚಯ ಇದ್ದವರ ಹೆಸರು ಬಾಯಿಗೆ ಬರಬೇಕೆಂದೇನೂ ಇಲ್ಲ.

ಇದನ್ನು ಅಳತೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯಲ್ಲೂ ಅದನ್ನೇ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಕಾಗದದ ಮೇಲೆ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದೆ: ಶೇ. 83, ಬರೆದವರು ಶೇ. 71. ವಾರ ಬಿಟ್ಟು ನೋಡಿದಾಗ ಲೆಕ್ಕ ಮಗುಚಿತ್ತು. ನಾಲ್ಕು ಸಲ ಓದಿದವರಿಗೆ ನೆನಪಿದ್ದದ್ದು ಶೇ. 40, ಒಂದೇ ಅವಧಿ ಓದಿ ಮೂರು ಸಲ ನೆನಪಿನಿಂದ ಬರೆದವರಿಗೆ ಶೇ. 61. ಅಷ್ಟೇ ಸಮಯ, ಅದೇ ಪಾಠ. "ನನಗೆ ಚೆನ್ನಾಗಿ ನೆನಪಿರುತ್ತದೆ" ಎಂದು ಹೆಚ್ಚು ನಂಬಿದ್ದವರು ನಾಲ್ಕು ಸಲ ಓದಿದವರೇ ಎನ್ನುವುದು ಇನ್ನೂ ಸ್ವಾರಸ್ಯ.

ಇದಾದ ಮೇಲೆ 2013ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳ ಮೇಲೆ ಅಲ್ಲಿಯತನಕ ನಡೆದ ಸಂಶೋಧನೆಯನ್ನೆಲ್ಲ ಒಟ್ಟು ಹಾಕಿ ತೂಗಿದರು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತಾನೇ ತನಗೆ ಪರೀಕ್ಷೆ ಕೊಟ್ಟುಕೊಳ್ಳುವುದು, ಓದನ್ನು ದಿನ ಬಿಟ್ಟು ದಿನ ಹಂಚಿಕೊಳ್ಳುವುದು. ಗೆರೆ ಎಳೆಯುವುದು, ಮತ್ತೆ ಓದುವುದು ಎರಡೂ ಕೆಳಗಿನ ದರ್ಜೆಯಲ್ಲಿ ಕೂತವು. ನಮ್ಮ ಮಕ್ಕಳು ಅತಿ ಹೆಚ್ಚು ಮಾಡುವುದು ಇವೇ ಎರಡನ್ನು.

ಪುಸ್ತಕ ಮುಚ್ಚಿ ಹೇಳುವುದು

ಇಲ್ಲಿನವರಿಗೆ ಇದನ್ನು ಅರ್ಥ ಮಾಡಿಸಲು ಅಮೆರಿಕದ ತನಕ ಹೋಗಬೇಕಿರಲಿಲ್ಲ. ತಾಳಮದ್ದಳೆ ಸಾಕು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಎದುರು ಕೂತ ಅರ್ಥಧಾರಿಯ ಮುಂದೆ ಬರೆದಿಟ್ಟ ಮಾತಿಲ್ಲ. ನಾಲ್ಕು ಸಾಲಿನ ಪದ್ಯಕ್ಕೆ ಅವರು ಹದಿನೈದು ನಿಮಿಷ ಅರ್ಥ ಹೇಳುತ್ತಾರೆ, ಎದುರಿನ ಕರ್ಣನೋ ಕೃಷ್ಣನೋ ಅಡ್ಡ ಪ್ರಶ್ನೆ ಹಾಕಿದರೆ ಅದಕ್ಕೂ ಉತ್ತರ ಕೊಡುತ್ತಾರೆ. ಬಾಯಿಪಾಠ ಮಾಡಿದವನು ಆ ಅಡ್ಡ ಪ್ರಶ್ನೆಗೆ ಸಿಕ್ಕಿಬೀಳುತ್ತಾನೆ. ವಿಷಯ ಗೊತ್ತಿದ್ದವನು ಎಲ್ಲಿಂದ ಹಿಡಿದರೂ ಹೇಳುತ್ತಾನೆ. ಪಾಠವನ್ನು ಓದಬೇಕಾದದ್ದು ಆ ಕ್ರಮದಲ್ಲಿ.

ಮಾಡುವುದು ಹೀಗೆ. ಒಂದು ಅಧ್ಯಾಯದ ಮೂರು ನಾಲ್ಕು ಪುಟ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ, ಏನಿತ್ತು ಎಂದು ನೆನಪಿದ್ದಷ್ಟು ಬರೆಯಿರಿ, ಇಲ್ಲವೇ ಬಾಯಿ ಬಿಟ್ಟು ಹೇಳಿ. ಮೊದಲ ದಿನ ಎರಡು ಸಾಲು ಬರುತ್ತದೆ, ಮತ್ತೆ ನಿಂತುಹೋಗುತ್ತದೆ. ಕಿರಿಕಿರಿ ಆಗುತ್ತದೆ. ಆ ತಿಣುಕಾಟವೇ ಓದು. ಅಲ್ಲಿಗೇ ಪುಸ್ತಕ ತೆರೆದರೆ ಮಾಡಿದ್ದು ವ್ಯರ್ಥ, ಒಂದೆರಡು ನಿಮಿಷ ತಡಕಾಡಿದ ಮೇಲೆ ತೆರೆಯಿರಿ. ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಮುಂದಿನ ಸಲ ಓದಬೇಕಾದದ್ದು ಆ ಬಣ್ಣದ ಸಾಲುಗಳನ್ನು ಮಾತ್ರ. ಸಮಯ ಉಳಿಯುವುದು ಇಲ್ಲೇ.

ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನಲ್ಲಿ ಇಂಗ್ಲಿಷ್ ಪಠ್ಯ ಹಿಡಿದವರಿಗೆ ಇನ್ನೊಂದು ಮಾತು. ಇಂಗ್ಲಿಷ್ ವಾಕ್ಯ ಅರ್ಥವಾಗದೆ ಅದನ್ನು ಇದ್ದ ಹಾಗೆ ಉರು ಹೊಡೆಯುವುದು ನಮ್ಮ ಕಡೆಯ ದೊಡ್ಡ ರೋಗ. ನಡುವಿನ ಒಂದು ಪದ ಮರೆತರೆ ಉತ್ತರವೇ ನಿಂತುಹೋಗುತ್ತದೆ. ಮೊದಲು ವಿಷಯವನ್ನು ಕುಂದಾಪ್ರ ಕನ್ನಡದಲ್ಲೇ ಹೇಳಿ. ಅಮ್ಮನಿಗೋ ತಮ್ಮನಿಗೋ ಹೇಳುವ ಹಾಗೆ, "ಇದ್ ಎಂತಕ್ಕೆ ಹೀಂಗ್ ಆತ್ತ್ ಅಂದ್ರೆ..." ಅಂತ ಶುರು ಮಾಡಿ. ಹೇಳಲಿಕ್ಕೆ ಬಂದ ಮೇಲೆ ಅದಕ್ಕೆ ಬೇಕಾದ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಪಟ್ಟಿ ಮಾಡಿ, ಕೊನೆಗೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ. ಭಾಷೆ ಸಾದಾ ಇದ್ದರೂ ವಿಷಯ ಸರಿ ಇದ್ದರೆ ಅಂಕ ಬರುತ್ತದೆ. ಉರು ಹೊಡೆದ ದೊಡ್ಡ ವಾಕ್ಯ ಅರ್ಧಕ್ಕೆ ಮುರಿದರೆ ಬರುವುದಿಲ್ಲ.

ಒಂದು ಉದಾಹರಣೆ. ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಬೇಡಿಕೆಯ ನಿಯಮ ಬರುತ್ತದೆ: ಬೇರೆಲ್ಲಾ ಹಾಗೇ ಇದ್ದಾಗ ಬೆಲೆ ಏರಿದರೆ ಕೊಳ್ಳುವ ಪ್ರಮಾಣ ಇಳಿಯುತ್ತದೆ. ಎಲ್ಲರಿಗೂ ಬಾಯಿಪಾಠ. ಈಗ ಪುಸ್ತಕ ಮುಚ್ಚಿ ಕೇಳಿಕೊಳ್ಳಿ: ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ಬಂಗುಡೆಯ ಬೆಲೆ ಏರುವುದು ಯಾಕೆ? ಬೇಡಿಕೆ ಹೆಚ್ಚಾಗಿಯಾ? ಅಲ್ಲ. ಕೊಳ್ಳುವವರು ಅಷ್ಟೇ ಇದ್ದಾರೆ, ಬಂದರಿಗೆ ಬರುವ ಮೀನು ಕಡಿಮೆಯಾಗಿದೆ. ಪೂರೈಕೆಯ ರೇಖೆ ಎಡಕ್ಕೆ ಸರಿದಿದೆ, ಅದರಿಂದ ಬೆಲೆ ಏರಿದೆ. ಬೆಲೆ ಏರಿದ ಮೇಲೆ ಕೆಲವರು ಮೀನು ಬಿಟ್ಟು ಮೊಟ್ಟೆ ಒಯ್ಯುತ್ತಾರೆ, ಬೇಡಿಕೆಯ ನಿಯಮ ಬರುವುದು ಅಲ್ಲಿ. ಕೊಡೇರಿ ಕಡೆಯ ಹುಡುಗನಿಗೆ ಮನೆಯಲ್ಲೇ ಗೊತ್ತಿರುವ ಈ ಸಂಗತಿಯನ್ನು ಪುಸ್ತಕದ ರೇಖೆಗೆ ಜೋಡಿಸಿದರೆ ಆ ಅಧ್ಯಾಯ ಮತ್ತೆ ಮರೆಯುವುದು ಕಷ್ಟ.

ಹಂಚಿಕೊಂಡು ಓದುವುದು

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ಬರೆದಿಟ್ಟಿದ್ದಾನೆ. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಕಲಿತು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ನೋಡಿದ. ಮರೆವಿನ ದೊಡ್ಡ ಪಾಲು ಮೊದಲ ದಿನದಲ್ಲೇ ಆಗಿಹೋಗುತ್ತದೆ, ಆಮೇಲೆ ಇಳಿತ ನಿಧಾನ. ಅರ್ಥವಿರುವ ಪಾಠ ಇಷ್ಟು ಬೇಗ ಜಾರುವುದಿಲ್ಲವಾದರೂ ದಾರಿ ಅದೇ. ಹಾಗಾಗಿ ಇವತ್ತಿನ ಪಾಠವನ್ನು ಮೊದಲ ಸಲ ನೆನಪಿಗೆ ತರಬೇಕಾದದ್ದು ಇವತ್ತು ರಾತ್ರಿ ಅಥವಾ ನಾಳೆ ಬೆಳಿಗ್ಗೆ. ಡಿಸೆಂಬರಿನ ಸ್ಟಡಿ ಹಾಲಿಡೇಯ ತನಕ ಕಾಯಬಾರದು.

ಲೆಕ್ಕ ಸುಲಭ ಇದೆ. ಸೋಮವಾರ ಮಾಡಿದ ಪಾಠಕ್ಕೆ ಸೋಮವಾರ ರಾತ್ರಿ ಹತ್ತು ನಿಮಿಷ, ಗುರುವಾರ ಐದು ನಿಮಿಷ, ಮುಂದಿನ ವಾರ ಐದು ನಿಮಿಷ, ತಿಂಗಳ ಕೊನೆಗೆ ಇನ್ನೊಮ್ಮೆ. ಒಟ್ಟು ಅರ್ಧ ಗಂಟೆಯೂ ಆಗಲಿಲ್ಲ. ಅದೇ ಅರ್ಧ ಗಂಟೆಯನ್ನು ಪರೀಕ್ಷೆಯ ಹಿಂದಿನ ದಿನ ಒಟ್ಟಿಗೆ ಕೊಟ್ಟರೆ ಮರುದಿನ ಬೆಳಿಗ್ಗೆಯ ತನಕ ಇರುತ್ತದೆ, ಮುಂದಿನ ಸೆಮಿಸ್ಟರಿಗೆ ಇರುವುದಿಲ್ಲ. ಅಕೌಂಟೆನ್ಸಿ, ಗಣಿತ, ರಸಾಯನಶಾಸ್ತ್ರದಂಥ ವಿಷಯದಲ್ಲಿ ಮುಂದಿನ ಸೆಮಿಸ್ಟರ್ ನಿಲ್ಲುವುದೇ ಹಿಂದಿನದ್ದರ ಮೇಲೆ.

ಇದಕ್ಕೆ ಒಂದು ಹಳೆಯ ಸಾಧನ ಇದೆ, ಕಾರ್ಡಿನ ಪೆಟ್ಟಿಗೆ. ಸೆಬಾಸ್ಟಿಯನ್ ಲೈಟ್ನರ್ ಎಂಬಾತ 1972ರಲ್ಲಿ ಬರೆದ ಪುಸ್ತಕದಿಂದ ಪ್ರಸಿದ್ಧವಾಯಿತು. ಪೇಟೆಯಲ್ಲಿ ಕಾರ್ಡು ಕೊಳ್ಳುವ ಅಗತ್ಯ ಇಲ್ಲ, ಏಪ್ರಿಲ್-ಮೇ ಕಳೆದರೆ ಮನೆಯಲ್ಲಿ ಮದುವೆ ಕಾಗದ ರಾಶಿ ಬಿದ್ದಿರುತ್ತದೆ. ಅದನ್ನು ಕತ್ತರಿಸಿ ಖಾಲಿ ಬದಿಯಲ್ಲಿ ಪ್ರಶ್ನೆ ಬರೆಯಿರಿ, ಇನ್ನೊಂದು ಬದಿಗೆ ಬಿಳಿ ಕಾಗದ ಅಂಟಿಸಿ ಉತ್ತರ. ಮೂರು ರಬ್ಬರ್ ಬ್ಯಾಂಡ್, ಮೂರು ಕಟ್ಟು. ಮೊದಲ ಕಟ್ಟು ದಿನಾ ನೋಡುವುದು, ಎರಡನೆಯದ್ದು ಮೂರು ದಿನಕ್ಕೊಮ್ಮೆ, ಮೂರನೆಯದ್ದು ವಾರಕ್ಕೊಮ್ಮೆ. ಸರಿ ಹೇಳಿದ ಕಾರ್ಡು ಮುಂದಿನ ಕಟ್ಟಿಗೆ ಹೋಗುತ್ತದೆ, ತಪ್ಪಿದ್ದು ಮೊದಲ ಕಟ್ಟಿಗೆ ವಾಪಸು. ಹೀಗೆ ಮಾಡಿದರೆ ಬರುವುದನ್ನೇ ಮತ್ತೆ ಮತ್ತೆ ಓದುವ ಚಟ ತಪ್ಪುತ್ತದೆ. ಮೊಬೈಲಿನಲ್ಲಿ ಇದೇ ಕೆಲಸ ಮಾಡುವ ಆಂಕಿ ಎಂಬ ಆ್ಯಪ್ ಇದೆ. ಆದರೆ ಮೊಬೈಲ್ ಕೈಗೆ ಬಂದ ಮೇಲೆ ಅದೊಂದನ್ನೇ ನೋಡಿ ಕೆಳಗಿಡುವ ಸಂಯಮ ಇದ್ದವರಿಗೆ ಮಾತ್ರ.

ಬಸ್ಸಿನ ಮುಕ್ಕಾಲು ಗಂಟೆ

ಬಸ್ಸಿನಲ್ಲಿ ಪುಸ್ತಕ ಹಿಡಿದು ಓದಿ ಎಂದು ಉಪದೇಶ ಮಾಡುವವರು ಬೆಳಗಿನ ನಮ್ಮ ಬಸ್ಸು ಹತ್ತಿದವರಲ್ಲ. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಬ್ಯಾಗು, ಬೆನ್ನಿಗೆ ಕಂಡಕ್ಟರರ ಮೊಣಕೈ. ಸೀಟು ಸಿಕ್ಕಿದರೂ ಓಡುವ ಬಸ್ಸಿನಲ್ಲಿ ಅಕ್ಷರ ನೋಡಿದರೆ ತಲೆ ತಿರುಗುವವರಿದ್ದಾರೆ. ಆದರೆ ನೆನಪು ಮಾಡಿಕೊಳ್ಳಲಿಕ್ಕೆ ಕೈಯೂ ಬೇಡ, ಕಣ್ಣೂ ಬೇಡ. ಬೆಳಿಗ್ಗೆ ಹೋಗುವಾಗ ಮರವಂತೆ ಬರುವಷ್ಟರಲ್ಲಿ ನಿನ್ನೆಯ ಒಂದು ಪಾಠ, ಹೆಮ್ಮಾಡಿ ಬರುವಷ್ಟರಲ್ಲಿ ಇನ್ನೊಂದು, ಇಷ್ಟೇ ನಿಯಮ. ನಿಂತುಕೊಂಡೇ ಮನಸ್ಸಿನಲ್ಲಿ "ಮೊದಲು ಎಂತ ಹೇಳಿದರು, ಮತ್ತೆ ಎಂತ, ಯಾಕೆ" ಎಂದು ತೆಗೆಯುತ್ತಾ ಹೋಗಿ. ಸಿಕ್ಕಿಹಾಕಿಕೊಂಡ ಜಾಗವನ್ನು ನೆನಪಿಟ್ಟು ಕಾಲೇಜು ಮುಟ್ಟಿದ ಕೂಡಲೇ ನೋಟ್ಸ್ ತೆಗೆದು ನೋಡಿ. ಪಕ್ಕದಲ್ಲಿ ಅದೇ ಕ್ಲಾಸಿನವರಿದ್ದರೆ ಇನ್ನೂ ಚಂದ. ಒಬ್ಬರು ಕೇಳುವುದು, ಒಬ್ಬರು ಹೇಳುವುದು.

ಸಂಜೆಯ ಬಸ್ಸಿನಲ್ಲಿ ಏನೂ ಬೇಡ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಕಾಣುವ ಆ ರಸ್ತೆಯಲ್ಲಿ ಕಣ್ಣಿಗೂ ತಲೆಗೂ ವಿಶ್ರಾಂತಿ ಸಿಗಲಿ.

ಸಂಜೆಯ ಕೂರುವಿಕೆ

ಮನೆಗೆ ಬಂದು ಚಾ ಕುಡಿದ ಮೇಲೆ "ಸ್ವಲ್ಪ ಮೊಬೈಲ್ ನೋಡಿ ಓದ್ತೆ" ಅಂದವರು ಊಟದ ತನಕ ಏಳುವುದಿಲ್ಲ. ಇದಕ್ಕೆ ಮನೋಬಲದ ಮದ್ದು ಹುಡುಕುವ ಬದಲು ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕುವುದು ಸುಲಭ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಡುಗೆ ಮನೆಯ ಟೈಮರ್ ಇಟ್ಟುಕೊಂಡು ರೂಪಿಸಿದ ಕ್ರಮ ಈಗ ಎಲ್ಲೆಡೆ ಬಳಕೆಯಲ್ಲಿದೆ: 25 ನಿಮಿಷ ಒಂದೇ ಕೆಲಸ, ಐದು ನಿಮಿಷ ಬಿಡುವು. ಅಂಥ ಮೂರು ಸುತ್ತು ಆದರೆ ಒಂದೂವರೆ ಗಂಟೆ. ಇಪ್ಪತ್ತೈದೇ ಯಾಕೆ ಎಂದು ಕೇಳಿದರೆ ಅದರಲ್ಲಿ ಮಂತ್ರ ಏನಿಲ್ಲ. ಇಪ್ಪತ್ತಾದರೂ ಆಗುತ್ತದೆ, ನಲವತ್ತಾದರೂ ಆಗುತ್ತದೆ. ಬಿಡುವಿನ ಐದು ನಿಮಿಷಕ್ಕೆ ಮೊಬೈಲ್ ಮುಟ್ಟದಿದ್ದರೆ ಆಯಿತು.

ಮೂರು ಸುತ್ತಿನಲ್ಲಿ ಒಂದು ಇವತ್ತಿನ ಪಾಠ ನೆನಪಿನಿಂದ ಬರೆಯುವುದಕ್ಕೆ, ಒಂದು ಹಳೆಯ ಪಾಠಕ್ಕೆ, ಒಂದು ಲೆಕ್ಕ ಬಿಡಿಸುವುದಕ್ಕೆ ಇಟ್ಟುಕೊಳ್ಳಬಹುದು. ಮನೆಯಲ್ಲಿ ಟಿವಿ ಗಲಾಟೆ, ಜಾಗ ಇಲ್ಲ ಅನ್ನುವವರು ಕಾಲೇಜಿನಲ್ಲೇ ಒಂದು ಸುತ್ತು ಮುಗಿಸಿಬಿಡುವುದು ಒಳ್ಳೆಯದು. ಊಟದ ಬಿಡುವಿನ ಕೊನೆಯ ಅರ್ಧ ಗಂಟೆ, ಅಥವಾ ಬಸ್ಸಿಗೆ ಮುಂಚಿನ ಅರ್ಧ ಗಂಟೆ ಲೈಬ್ರರಿಯಲ್ಲಿ. ಈಗ ಅರಿವು ಕೇಂದ್ರಗಳೆಂದು ಕರೆಯುವ ಗ್ರಾಮ ಪಂಚಾಯತ್ ಗ್ರಂಥಾಲಯಗಳೂ ಇವೆ. ಪತ್ರಿಕೆ ಓದುವ ಹಿರಿಯರನ್ನು ಬಿಟ್ಟರೆ ಹಲವೆಡೆ ಕುರ್ಚಿ ಖಾಲಿಯೇ ಇರುತ್ತದೆ. ನಿಮ್ಮ ಪಂಚಾಯತಿನಲ್ಲಿ ಬಾಗಿಲು ತೆರೆಯುವ ಸಮಯ ಕೇಳಿಟ್ಟುಕೊಳ್ಳಿ.

ಮಳೆಗಾಲದ ಲೆಕ್ಕವೇ ಬೇರೆ. ಜೂನ್-ಜುಲೈಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ. ಕಾರ್ಡಿನ ಕಟ್ಟು, ಬಾಯಿ ಬಿಟ್ಟು ಹೇಳುವುದು ಎರಡಕ್ಕೂ ಬೆಳಕು ಅಷ್ಟು ಬೇಡ, ಆ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಮತ್ತೆ ಜಿಲ್ಲಾಧಿಕಾರಿಗಳ ರಜೆ. ನಮ್ಮ ಜಾಲತಾಣಕ್ಕೆ ಮಳೆಗಾಲದಲ್ಲಿ ಬರುವ ಫೋನುಗಳಲ್ಲಿ "ನಾಳೆ ರಜೆ ಇತ್ತಾ?" ಎಂಬುದೇ ಹೆಚ್ಚು! ರಜೆ ಸಿಕ್ಕಿದ ದಿನ ಇಡೀ ದಿನ ಓದಿ ಎನ್ನುವುದಿಲ್ಲ. ಬಸ್ಸಿನಲ್ಲಿ ಹೋಗಿಬರುವ ಒಂದೂವರೆ ಗಂಟೆ ಆ ದಿನ ಕೈಯಲ್ಲೇ ಉಳಿದಿದೆ, ಅಷ್ಟನ್ನು ಮಾತ್ರ ಹಿಂದೆ ಬಿದ್ದ ವಿಷಯಕ್ಕೆ ಕೊಡಿ. ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾದರೆ ಆಟದ ರಾತ್ರಿಗಳು. ಆಟ ನೋಡಬೇಡಿ ಎಂದು ಈ ಊರಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಆದರೆ ಬೆಳಗಿನ ತನಕ ಆಟ ನೋಡಿದ ಮರುದಿನ ಕಲಿತದ್ದು ಕಲಿತ ಹಾಗಲ್ಲ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವ ಕೆಲಸ ಬಹುಪಾಲು ನಿದ್ರೆಯಲ್ಲಿ ನಡೆಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯ ತನಕ ಕೂರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಲೆಕ್ಕದ ವಿಷಯಗಳು

ಬಿ.ಕಾಂ., ಬಿ.ಎಸ್ಸಿ. ಮಕ್ಕಳು ಮಾಡುವ ಒಂದು ಸಾಮಾನ್ಯ ಕೆಲಸವೆಂದರೆ ಬಿಡಿಸಿದ ಲೆಕ್ಕವನ್ನು ಕಣ್ಣಿನಲ್ಲಿ ಓದುವುದು. ಪ್ರತಿ ಹೆಜ್ಜೆಯೂ ಸರಿ ಅನ್ನಿಸುತ್ತದೆ. ಕೈ ಮಾತ್ರ ಕಲಿತಿರುವುದಿಲ್ಲ. ಬಿಡಿಸಿದ್ದನ್ನು ಮುಚ್ಚಿ, ಪ್ರಶ್ನೆ ಮಾತ್ರ ನೋಡಿ ಬಿಡಿಸಬೇಕು.

ಇನ್ನೊಂದು, ಒಂದೇ ನಮೂನೆಯ ಹತ್ತು ಲೆಕ್ಕ ಸಾಲಾಗಿ ಮಾಡಬೇಡಿ. ಸವಕಳಿಯ ಪಾಠ ತೆಗೆದುಕೊಳ್ಳಿ. ದೋಣಿಯ ಎಂಜಿನ್ ಬೆಲೆ ₹1,00,000, ಸವಕಳಿ ಶೇ. 10 ಎಂದಿಟ್ಟುಕೊಳ್ಳಿ. ಸ್ಥಿರ ಕಂತಿನ ಕ್ರಮದಲ್ಲಿ ಪ್ರತಿ ವರ್ಷ ₹10,000. ಇಳಿಕೆ ಮೌಲ್ಯದ ಕ್ರಮದಲ್ಲಿ ಮೊದಲ ವರ್ಷ ₹10,000, ಎರಡನೇ ವರ್ಷ ₹9,000, ಮೂರನೇ ವರ್ಷ ₹8,100. ಮೊದಲ ಕ್ರಮದ ಹತ್ತು ಲೆಕ್ಕ ಮಾಡಿ ಮತ್ತೆ ಎರಡನೆಯದ್ದರ ಹತ್ತು ಮಾಡಿದರೆ ಕೈ ಯಂತ್ರದ ಹಾಗೆ ಓಡುತ್ತದೆ, ಯಾವಾಗ ಯಾವುದು ಎಂದು ಆರಿಸುವ ಅಭ್ಯಾಸ ಆಗುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಮೊದಲು ಅದನ್ನೇ. ಎರಡನ್ನೂ ಕಲಸಿ ಮಾಡಿ. ನಿಧಾನ ಆಗುತ್ತದೆ, ತಪ್ಪೂ ಹೆಚ್ಚಾಗುತ್ತದೆ, ಕಲಿಕೆ ಮಾತ್ರ ನಿಲ್ಲುತ್ತದೆ.

ನೋಟ್ಸ್, ಗೈಡ್, ಹಳೇ ಪ್ರಶ್ನೆಪತ್ರಿಕೆ

ಕ್ಲಾಸಿನಲ್ಲಿ ಡಿಕ್ಟೇಟ್ ಮಾಡಿದ್ದನ್ನು ಪೂರಾ ಬರೆದುಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ಬರೆಯಲೇಬೇಕಾದ ಕಡೆ ಬರೆಯಿರಿ, ಆದರೆ ಪುಟದ ಎಡಗಡೆ ಎರಡು ಇಂಚು ಖಾಲಿ ಬಿಡಿ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಬಳಕೆಗೆ ತಂದ ಕ್ರಮ ಇದು. ಅದೇ ದಿನ ರಾತ್ರಿ ಆ ಖಾಲಿ ಜಾಗದಲ್ಲಿ ಪ್ರತಿ ಪ್ಯಾರಾಕ್ಕೆ ಒಂದು ಪ್ರಶ್ನೆ ಬರೆದಿಡಿ. ಮುಂದೆ ಓದುವಾಗ ಬಲಗಡೆಯನ್ನು ಕಾಗದದಿಂದ ಮುಚ್ಚಿ ಎಡಗಡೆಯ ಪ್ರಶ್ನೆಗೆ ಉತ್ತರ ಹೇಳುವುದು. ನೋಟ್ಸೇ ಪ್ರಶ್ನೆಪತ್ರಿಕೆಯಾಯಿತು.

ಗೈಡ್ ಕೊಳ್ಳುವುದು ತಪ್ಪೆಂದು ಹೇಳುವುದು ಸುಲಭ, ಕೊಳ್ಳದೆ ಇರುವವರು ಕಡಿಮೆ. ಗೈಡಿನ ಉತ್ತರವನ್ನು ಮೊದಲು ಓದಬೇಡಿ. ಪ್ರಶ್ನೆ ಓದಿ, ನೀವು ಬರೆದು, ಆಮೇಲೆ ಹೋಲಿಸಿ. ಹಳೆಯ ಪ್ರಶ್ನೆಪತ್ರಿಕೆಯನ್ನೂ ಸೆಮಿಸ್ಟರಿನ ಕೊನೆಗೆ ಹುಡುಕುವ ಬದಲು ಮೊದಲ ತಿಂಗಳಲ್ಲೇ ಕಾಲೇಜು ಲೈಬ್ರರಿಯಿಂದ ತೆಗೆದುಕೊಳ್ಳಿ. ಯಾವ ಪಾಠದಿಂದ ಎಂಥ ಪ್ರಶ್ನೆ ಬರುತ್ತದೆಂದು ಗೊತ್ತಿದ್ದರೆ ಓದುವ ಕಣ್ಣೇ ಬೇರೆಯಾಗುತ್ತದೆ. ಸಿಲೆಬಸ್ ಬದಲಾಗಿದ್ದರೆ ಹಳೆಯದು ಯಾವುದು, ಹೊಸತು ಯಾವುದು ಎಂದು ಉಪನ್ಯಾಸಕರಲ್ಲಿ ಕೇಳಿ ಗುರುತು ಹಾಕಿಕೊಳ್ಳಬೇಕು.

ಕ್ಲಾಸಿನಲ್ಲಿ ಅರ್ಥವಾಗದ ಪಾಠಕ್ಕೆ ಸರಕಾರದ ಸ್ವಯಂ ಜಾಲತಾಣ, ಐಐಟಿಗಳ ಎನ್‌ಪಿಟಿಇಎಲ್ ವಿಡಿಯೊಗಳು ಉಚಿತವಾಗಿ ಸಿಗುತ್ತವೆ. ಪುಸ್ತಕ ಸಿಗದಿದ್ದರೆ ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. ವಿಡಿಯೊ ನೋಡುವುದೂ ಓದಿದ ಹಾಗೆಯೇ, ನಿಲ್ಲಿಸಿ ಹೇಳಿ ನೋಡದಿದ್ದರೆ ಉಳಿಯುವುದಿಲ್ಲ.

ರೂಢಿಯಾಗಲು ಎಷ್ಟು ದಿನ?

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ ಒಂದು ಹೊಸ ರೂಢಿ ತನ್ನಷ್ಟಕ್ಕೆ ನಡೆಯುವ ಹಂತ ಮುಟ್ಟಲು ಹಿಡಿದದ್ದು ಸರಾಸರಿ 66 ದಿನ. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254ರ ತನಕ ಬೇಕಾದೀತೆಂದು ಅಂದಾಜಾಯಿತು. ಒಂದು ಸೆಮಿಸ್ಟರಿನ ಅರ್ಧಕ್ಕಿಂತ ಹೆಚ್ಚು ಹೊತ್ತು ರೂಢಿ ಮಾಡಿಕೊಳ್ಳಲಿಕ್ಕೇ ಹೋಗುತ್ತದೆ ಎಂದಾಯಿತು. ಅದಕ್ಕೇ ಶುರು ಮಾಡಬೇಕಾದದ್ದು ಮೊದಲ ವಾರದಲ್ಲಿ, ಸಣ್ಣದಾಗಿ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ, ನಡುವೆ ಒಂದು ದಿನ ತಪ್ಪಿದರೆ ದೊಡ್ಡ ಹಾನಿ ಆಗುವುದಿಲ್ಲ. ಮನೆಯಲ್ಲಿ ಪೂಜೆ, ನೆಂಟರು, ಜ್ವರ ಎಲ್ಲಾ ಬರುತ್ತದೆ. ಮರುದಿನ ಕೂತರೆ ಆಯಿತು.

ಹೊಸ ಕೆಲಸವನ್ನು ಹಳೆಯ ಕೆಲಸದ ಬಾಲಕ್ಕೆ ಕಟ್ಟಿದರೆ ಸುಲಭ. "ದಿನಾ ಓದುತ್ತೇನೆ" ಎಂದರೆ ಯಾವತ್ತೂ ಇಲ್ಲ. "ಚಾ ಲೋಟ ತೊಳೆದಿಟ್ಟ ಕೂಡಲೇ, ಜಗಲಿಯ ಆ ಮೂಲೆಯಲ್ಲಿ, ಒಂದು ಸುತ್ತು" ಎಂದರೆ ನಡೆಯುತ್ತದೆ.

ಮನೆಯವರಿಗೆ

"ಓದ್, ಓದ್" ಎಂದು ದಿನಕ್ಕೆ ಹತ್ತು ಸಲ ಹೇಳುವುದರಿಂದ ಮಕ್ಕಳು ಪುಸ್ತಕದ ಎದುರು ಕೂರುತ್ತಾರೆ ಅಷ್ಟೆ. ಅದರ ಬದಲು ರಾತ್ರಿ ಊಟ ಬಡಿಸುವಾಗ ಒಂದು ಮಾತು ಕೇಳಿ: "ಇವತ್ತ್ ಎಂತ ಹೇಳ್ಕೊಟ್ರ್? ಹೇಳ್ ಕಾಂಬ." ಅಪ್ಪ ಅಮ್ಮ ಏಳನೇ ತರಗತಿ ಓದಿದವರಾದರೂ ಪರವಾಗಿಲ್ಲ. ಪಾಠ ಗೊತ್ತಾಗದಿದ್ದರೂ ಮಗಳು ಎಲ್ಲಿ ತಡವರಿಸಿದಳು ಎಂದು ಗೊತ್ತಾಗುತ್ತದೆ. "ಅದ್ ಎಂತಕ್ಕೆ ಹಾಂಗೆ?" ಎಂದು ಮತ್ತೆ ಕೇಳಿದರೆ ಟ್ಯೂಷನ್ನಿನಷ್ಟೇ ಉಪಕಾರ. ಪರೀಕ್ಷೆಯ ಎರಡು ವಾರವಾದರೂ ಹೆಣ್ಮಕ್ಕಳ ಪಾಲಿನ ಮನೆಗೆಲಸವನ್ನು ಗಂಡ್ಮಕ್ಕಳೂ ಹಂಚಿಕೊಂಡರೆ ಅವರಿಗೆ ಇನ್ನೂ ಒಂದು ಸುತ್ತು ಸಿಗುತ್ತದೆ.

ಈಗಾಗಲೇ ಪೇಪರ್ ಉಳಿದಿದ್ದರೆ

ಮೊದಲು ಮನೆಯಲ್ಲಿ ಹೇಳಿ. ಮುಚ್ಚಿಟ್ಟದ್ದು ಮಾರ್ಕ್ಸ್ ಕಾರ್ಡ್ ಬರುವಾಗ ಹೇಗೂ ಗೊತ್ತಾಗುತ್ತದೆ, ಅಷ್ಟರಲ್ಲಿ ಮರುಪರೀಕ್ಷೆಯ ಶುಲ್ಕ ಕಟ್ಟುವ ದಿನ ದಾಟಿರುತ್ತದೆ. ಮರುಮೌಲ್ಯಮಾಪನಕ್ಕೆ ಹಾಕುವುದಿದ್ದರೂ ವಿಶ್ವವಿದ್ಯಾನಿಲಯ ಕೊಟ್ಟ ಗಡುವಿನೊಳಗೇ ಆಗಬೇಕು. ಕೊನೆಯ ದಿನ ಯಾವುದೆಂದು ಗೆಳೆಯರ ಬಾಯಿಮಾತು ನಂಬದೆ ಕಾಲೇಜು ಕಚೇರಿಯಲ್ಲೇ ವಿಚಾರಿಸಿ ಬರೆದುಕೊಳ್ಳಿ. ಉಳಿದ ವಿಷಯವನ್ನು ಮುಂದಿನ ರಜೆಗೆ ತಳ್ಳಬೇಡಿ, ಈ ಸೆಮಿಸ್ಟರಿನ ವಿಷಯಗಳ ಜೊತೆಗೇ ವಾರಕ್ಕೆ ನಾಲ್ಕು ಸುತ್ತು ಅದಕ್ಕೆ ಮೀಸಲಿಡಿ, ಎರಡು ಶನಿವಾರ ಸಂಜೆ, ಎರಡು ಭಾನುವಾರ ಬೆಳಿಗ್ಗೆ. ಮೊದಲ ಸುತ್ತಿನಲ್ಲೇ ಹಳೆಯ ಪ್ರಶ್ನೆಪತ್ರಿಕೆ ಎದುರಿಟ್ಟು, ಪುಸ್ತಕ ನೋಡದೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಗುರುತು ಹಾಕಿ. ಅಂದುಕೊಂಡದ್ದಕ್ಕಿಂತ ಹೆಚ್ಚು ಬರುತ್ತಿರುತ್ತದೆ. ಬಾರದ ಎರಡು ಮೂರು ಅಧ್ಯಾಯದ ಪಟ್ಟಿ ಹಿಡಿದು ಆ ವಿಷಯದ ಉಪನ್ಯಾಸಕರ ಹತ್ತಿರ ಹೋಗಿ. "ಸರ್, ಏನೂ ಅರ್ಥ ಆಗುವುದಿಲ್ಲ" ಎಂದರೆ ಅವರಿಗೂ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. "ಇಲ್ಲಿಯ ತನಕ ಬರುತ್ತದೆ, ಈ ಹೆಜ್ಜೆಯಲ್ಲಿ ಸಿಕ್ಕಿಬೀಳುತ್ತೇನೆ" ಎಂದು ಹಾಳೆ ತೋರಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ.